ಪೊಲೀಸರ ಎದೆಯ ಕ್ಯಾಮೆರಾ: ಬೀಗದ ಕೈ ಯಾರ ಬಳಿ?

(ತುರುವೇಕೆರೆಯಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ವಚನಗಳ ಮೇಲೆ ಮಾತು ನಡೆಯುತ್ತದೆ. ನನಗೆ ಆ ವಿದ್ವತ್ತು ಇಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರದಲ್ಲಿ ರಸ್ತೆ, ಮೋರಿ, ಸೇತುವೆ ಅಂತ ಟೇಪು ಹಿಡಿದುಕೊಂಡು ಓಡಾಡಿದವನು ನಾನು. "ನಿಮಗೆ ಗೊತ್ತಿರೋದು, ಜನಕ್ಕೆ ಉಪಯೋಗಕ್ಕೆ ಬರೋದು ಒಂದು ವಿಷಯ ಹೇಳಿ" ಎಂದು ಬುದ್ಧಿಯವರು ಅಪ್ಪಣೆ ಕೊಡಿಸಿದರು. ಪೊಲೀಸರ ಕ್ಯಾಮೆರಾ ಬಗ್ಗೆ ಮಾತಾಡುತ್ತೇನೆ ಎಂದೆ. ಅವರು ಸ್ವಲ್ಪ ನಕ್ಕರು, ಆಮೇಲೆ ಆಗಲಿ ಅಂದರು. ಯಾಕೆ ಆ ವಿಷಯ ಎಂದು ಅವರು ಕೇಳಲಿಲ್ಲ. ನಿಮಗೆ ಹೇಳಬೇಕು.

2025ರಲ್ಲಿ ಕೊಬ್ಬರಿ ಬೆಲೆ ಕ್ವಿಂಟಲಿಗೆ 20 ಸಾವಿರ ದಾಟಿತಲ್ಲ, ಆಗ ನಮ್ಮ ತೋಟದ ಮನೆಯಲ್ಲಿ ತಿಪಟೂರು ಮಾರುಕಟ್ಟೆಗೆ ಕಳಿಸಲು ಕಟ್ಟಿಟ್ಟಿದ್ದ ಎಂಟು ಚೀಲ ಕೊಬ್ಬರಿ ರಾತ್ರೋರಾತ್ರಿ ಹೋಯಿತು. ಠಾಣೆಗೆ ದೂರು ಕೊಟ್ಟೆವು. ಯಾವ ಠಾಣೆ ಎಂದು ಹೇಳುವುದಿಲ್ಲ, ಅದು ಇಲ್ಲಿ ಮುಖ್ಯವಲ್ಲ. "ಯಾರ ಮೇಲಾದರೂ ಅನುಮಾನ ಇದೆಯಾ?" ಎಂದು ಕೇಳಿದರು. ನಮ್ಮಣ್ಣ ಒಂದು ಹೆಸರು ಹೇಳಿದರು. ನಮ್ಮಲ್ಲಿ ಕಾಯಿ ಸುಲಿಯಲು ಬರುತ್ತಿದ್ದ, ಊರಾಚೆ ಕಾಲೋನಿಯ ಹುಡುಗ. ಅನುಮಾನಕ್ಕೆ ಆಧಾರವೇನು? ಬೀಗದ ಕೈಯನ್ನು ಯಾವ ಗೂಟಕ್ಕೆ ನೇತುಹಾಕುತ್ತೇವೆ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೆ. ಅದು ನನ್ನ ಮೊಮ್ಮಗನಿಗೂ ಗೊತ್ತು. ಅಣ್ಣ ಹೆಸರು ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಅನ್ನಲಿಲ್ಲ.

ಹುಡುಗನನ್ನು ಕರೆದುಕೊಂಡು ಹೋಗಿ ಎರಡು ರಾತ್ರಿ ಇಟ್ಟುಕೊಂಡರು. ದಸ್ತಗಿರಿ ಎಂದು ಎಲ್ಲೂ ಬರೆಯಲಿಲ್ಲ. ಮೂರನೆಯ ದಿನ ಕುಂಟುತ್ತಾ ಮನೆಗೆ ಬಂದ. ಕೇಳಿದರೆ, ಮೊದಲೇ ಮರದಿಂದ ಬಿದ್ದಿದ್ದನಂತೆ ಎಂದರು. ಅವನ ತಾಯಿ ಹಾಗಲ್ಲ ಅಂದಳು. ಅವರ ಮನೆಯನ್ನೂ ಜಾಲಾಡಿದ್ದರು. ಮುಂದೆ ಬೇರೆ ಕಡೆ ಬೇರೆ ಯಾರೋ ಸಿಕ್ಕಿಬಿದ್ದರು, ನಮ್ಮ ಕಳವೂ ಅವರದೇ ಕೆಲಸ ಎಂದು ಗೊತ್ತಾಯಿತು.

ನನಗೆ ನಿದ್ದೆ ಬರಲಿಲ್ಲ. ಠಾಣೆಯ ಗೋಡೆಯ ಮೇಲೆ ಸಿಸಿಟಿವಿ ಇದ್ದದ್ದನ್ನು ಕಣ್ಣಾರೆ ನೋಡಿದ್ದೆ. ಆ ಎರಡು ರಾತ್ರಿಯ ದೃಶ್ಯ ಕೊಡಿ ಎಂದು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಆದರೆ ಅರ್ಜಿ ಹಾಕಿದ್ದು ನಲವತ್ತು ದಿನ ಕಳೆದ ಮೇಲೆ. ನಮಗೇಕೆ ಇಲ್ಲದ ಉಸಾಬರಿ ಎಂದು ಅಷ್ಟು ದಿನ ಸುಮ್ಮನಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಉತ್ತರ ಬಂತು: ಸಂಗ್ರಹ ಸಾಮರ್ಥ್ಯ 30 ದಿನ ಮಾತ್ರ, ಸದರಿ ದಿನಾಂಕದ ದೃಶ್ಯಾವಳಿ ಸ್ವಯಂಚಾಲಿತವಾಗಿ ಅಳಿಸಿಹೋಗಿರುತ್ತದೆ.

ಹಾಗಾಗಿ ಏನು ನಡೆಯಿತು ಎಂದು ಇವತ್ತಿಗೂ ನನ್ನ ಬಳಿ ಸಾಕ್ಷ್ಯವಿಲ್ಲ. ಪೊಲೀಸರು ತಪ್ಪು ಮಾಡಿದರು ಎಂದು ನಾನು ಸಾಬೀತು ಮಾಡಲಾರೆ. ಮಾಡಲಿಲ್ಲ ಎಂದು ಅವರೂ ಸಾಬೀತು ಮಾಡಲಾರರು. ಇದೇ ನನ್ನ ಇವತ್ತಿನ ವಿಷಯ.

ಈಗ ಗೋಡೆಯ ಕ್ಯಾಮೆರಾ ಜೊತೆಗೆ ಎದೆಯ ಮೇಲಿನ ಕ್ಯಾಮೆರಾ ಬಂದಿದೆ. ಬಾಡಿ ಕ್ಯಾಮೆರಾ ಎನ್ನುತ್ತಾರೆ. ಬೆಂಗಳೂರಿನ ಸಂಚಾರ ಪೊಲೀಸರಿಗೆ ಕೊಟ್ಟು ಹಲವು ವರ್ಷವಾಯಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಸಮವಸ್ತ್ರಕ್ಕೆ ಸಿಕ್ಕಿಸುತ್ತಾರೆ. ಒಳ್ಳೆಯ ನಮೂನೆಯವುಗಳಲ್ಲಿ ಗುಂಡಿ ಒತ್ತುವುದಕ್ಕೆ ಅರ್ಧ ನಿಮಿಷ ಹಿಂದಿನ ಚಿತ್ರವೂ ಸೇರಿಕೊಂಡು ದಾಖಲಾಗುತ್ತದೆ. ಪಾಳಿ ಮುಗಿದ ಮೇಲೆ ಠಾಣೆಯಲ್ಲಿ ಅದರ ತೊಟ್ಟಿಲಿಗೆ ಇಟ್ಟರೆ ಒಂದು ಕಡೆ ಚಾರ್ಜ್ ಆಗುತ್ತದೆ, ಇನ್ನೊಂದು ಕಡೆ ದೃಶ್ಯವೆಲ್ಲ ಸರ್ವರಿಗೆ ಇಳಿಯುತ್ತದೆ. ಹಾಕಿಕೊಂಡವನು ಅಳಿಸಲು ಬರುವುದಿಲ್ಲ. ಯಾರು ಯಾವಾಗ ತೆರೆದು ನೋಡಿದರು ಎಂಬುದೂ ದಾಖಲಾಗುತ್ತದೆ. ಇದು ಸರಿಯಾದ ನಮೂನೆ ಕೊಂಡರೆ. ಅಗ್ಗದ್ದು ಕೊಂಡರೆ ಮೆಮೊರಿ ಕಾರ್ಡ್ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಟೆಂಡರ್ ಬರೆದು ಅಭ್ಯಾಸ ಇರುವವನಾಗಿ ಹೇಳುತ್ತೇನೆ, ಅರ್ಧ ನ್ಯಾಯ ಟೆಂಡರಿನ ಷರತ್ತಿನಲ್ಲೇ ತೀರ್ಮಾನವಾಗಿರುತ್ತದೆ.

ಪೊಲೀಸರಿಗೆ ಇದರಿಂದ ಕಿರಿಕಿರಿ ಎಂದು ನಾನು ತಿಳಿದಿದ್ದೆ. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಸಂಚಾರ ಪೊಲೀಸ್. ಅವನು ಹೇಳಿದ್ದು ಬೇರೆ. "ಮಾವ, ಮೊದಮೊದಲು ಕಷ್ಟ ಆಯ್ತು. ಈಗ ಅದಿಲ್ದೆ ರಸ್ತೆಗಿಳಿಯೋಕೆ ನಂಗೇ ಭಯ. ಕಾರಲ್ಲಿ ಬಂದೋರು ಅಮ್ಮ ಅಕ್ಕ ಅಂತ ಬಯ್ದು, ಆಮೇಲೆ ನಾನೇ ಲಂಚ ಕೇಳ್ದೆ ಅಂತ ಕಂಪ್ಲೇಂಟ್ ಕೊಡ್ತಾರೆ. ಈಗ ಎದೆ ಮೇಲೆ ಒಬ್ಬ ಸಾಕ್ಷಿ ಇದ್ದಂಗೆ." ಈ ಮಾತು ನಿಜ. 2023ರ ನವೆಂಬರ್ 30ರಂದು ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ವಿಚಾರಕ್ಕೆ ಶುರುವಾದ ಮಾತು ಯುವ ವಕೀಲರೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆ ನಡೆಯಿತು ಎಂಬ ದೂರಿಗೆ ಹೋಯಿತು. ಪೊಲೀಸರು ಅಮಾನತಾದರು, ರಾಜ್ಯದಾದ್ಯಂತ ವಕೀಲರು ಬೀದಿಗಿಳಿದರು, ಇತ್ತ ಪೊಲೀಸರ ಕುಟುಂಬದವರೂ ಪೊಲೀಸರೂ ಬೀದಿಗೆ ಬಂದರು. ರಸ್ತೆಯಲ್ಲಿ ಮೊದಲ ಎರಡು ನಿಮಿಷ ಏನಾಯಿತು ಎಂಬುದರ ಪೂರ್ತಿ ದೃಶ್ಯ ಎರಡೂ ಕಡೆಯವರ ಕೈಗೆ ಮಾರನೆಯ ದಿನವೇ ಸಿಗುವ ಪದ್ಧತಿ ನಮ್ಮಲ್ಲಿದ್ದರೆ ಅಷ್ಟು ದೂರ ಹೋಗುತ್ತಿತ್ತೇ?

2024ರ ಮೇ ತಿಂಗಳಲ್ಲಿ ಚನ್ನಗಿರಿಯಲ್ಲಿ ಆದದ್ದು ಇನ್ನೂ ಕೆಟ್ಟದ್ದು. ವಿಚಾರಣೆಗೆ ಕರೆತಂದವನು ಸತ್ತ. ಠಾಣೆಯಲ್ಲಿ ಇದ್ದದ್ದೇ ಕೆಲವು ನಿಮಿಷ, ಕುಸಿದು ಬಿದ್ದ ಎಂದು ಪೊಲೀಸರು. ಹೊಡೆದು ಸಾಯಿಸಿದರು ಎಂದು ಸೇರಿದ ಜನ. ರಾತ್ರಿ ಗುಂಪು ಠಾಣೆಗೆ ನುಗ್ಗಿತು, ವಾಹನ ಜಖಂ ಆದವು, ಪೊಲೀಸರಿಗೆ ಗಾಯವಾಯಿತು. ಜನರ ಗುಂಪಿಗೆ ಕಾಯುವ ತಾಳ್ಮೆ ಇಲ್ಲ, ಅದನ್ನು ಸಮರ್ಥಿಸಲಾಗದು. ಆದರೆ ದೃಶ್ಯವನ್ನು ಇಂಥ ದಿನದೊಳಗೆ ತೋರಿಸಲೇಬೇಕು ಎಂಬ ನಿಯಮ ಊರಿಗೆಲ್ಲ ಮೊದಲೇ ಗೊತ್ತಿದ್ದರೆ, ಗುಂಪಿನಲ್ಲಿರುವ ನಾಲ್ಕು ಜನ ಹಿರಿಯರಿಗೆ ತಡೆಯಲು ಒಂದು ಮಾತಾದರೂ ಇರುತ್ತದೆ.

ನಮ್ಮ ಇಲಾಖೆಯಲ್ಲಿ ಎಂ.ಬಿ. ಅಂತ ಒಂದಿದೆ, ಮೆಷರ್‌ಮೆಂಟ್ ಬುಕ್, ಅಳತೆ ಪುಸ್ತಕ. ಇಲ್ಲಿ ಕಂಟ್ರಾಕ್ಟರುಗಳೂ ಕೂತಿದ್ದಾರೆ, ಅವರಿಗೆ ಚೆನ್ನಾಗಿ ಗೊತ್ತು. ಪ್ರತಿ ಪುಟಕ್ಕೂ ಮುದ್ರಿತ ಸಂಖ್ಯೆ ಇರುತ್ತದೆ, ಒಂದು ಹಾಳೆ ಹರಿದರೂ ಸಿಕ್ಕಿಬೀಳುತ್ತೀರಿ. ಕೆಲಸದ ಜಾಗದಲ್ಲೇ ಶಾಯಿಯಲ್ಲಿ ಬರೆಯಬೇಕು. ತಪ್ಪಾದರೆ ಉಜ್ಜುವಂತಿಲ್ಲ, ಹಳೆಯ ಅಂಕಿ ಓದಲು ಬರುವ ಹಾಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಜೂನಿಯರ್ ಇಂಜಿನಿಯರ್ ಬರೆದದ್ದನ್ನು ಮೇಲಿನವನು ಬಂದು ಮತ್ತೆ ಅಳೆಯುತ್ತಾನೆ. ಕಂಟ್ರಾಕ್ಟರು ಅಳತೆ ನೋಡಿ ಒಪ್ಪಿ ರುಜು ಹಾಕುತ್ತಾನೆ. ಎಂ.ಬಿ. ಕಳೆದುಹೋಯಿತು ಅಂದರೆ ಇಲಾಖೆಯಲ್ಲಿ ಅದು ಸಣ್ಣ ಮಾತಲ್ಲ, ನೌಕರಿಯೇ ಅಲ್ಲಾಡುತ್ತದೆ.

ಇಷ್ಟೆಲ್ಲ ಯಾಕೆ? ಅಳೆಯುವವನು ದೇವರಲ್ಲ ಎಂದು ಆ ಪುಸ್ತಕ ಮಾಡಿದವನಿಗೆ ಗೊತ್ತಿತ್ತು. ಇಷ್ಟು ಕಟ್ಟುಪಾಡು ಇದ್ದೂ ನಮ್ಮ ಇಲಾಖೆಯಲ್ಲಿ ಏನೇನು ನಡೆಯಿತು ಎಂಬುದನ್ನು ನಾನು ಹೇಳಬೇಕಾಗಿಲ್ಲ, ರಸ್ತೆ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಪೊಲೀಸ್ ಕ್ಯಾಮೆರಾದ ದೃಶ್ಯ ಅಂದರೆ ಸರ್ಕಾರದ ಇನ್ನೊಂದು ಎಂ.ಬಿ. ಆದರೆ ಈ ಎಂ.ಬಿ. ಬರೆಯುವವರು, ಇಟ್ಟುಕೊಳ್ಳುವವರು, ಬೇಕಾದಾಗ ತೋರಿಸುವವರು, ಮೂವರೂ ಒಬ್ಬರೇ. ಎದುರು ಪಕ್ಷದವನಿಗೆ ನೋಡುವ ದಾರಿಯೇ ಇಲ್ಲ. ಬೀಗದ ಕೈ ಗೂಟದಲ್ಲಿಲ್ಲ, ಜೇಬಿನಲ್ಲಿದೆ.

ಕಾನೂನು ಏನು ಹೇಳುತ್ತದೆ? ಗೋಡೆಯ ಕ್ಯಾಮೆರಾಗಳಿಗೆ ಸಂಬಂಧಿಸಿದಂತೆ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ವಿವರವಾಗಿ ಆದೇಶ ಮಾಡಿದೆ. ನ್ಯಾಯಮೂರ್ತಿ ನಾರಿಮನ್ ಅವರ ಪೀಠ. ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆ, ಅಧಿಕಾರಿಗಳ ಕೊಠಡಿ, ಹಿಂಭಾಗ, ಎಲ್ಲ ಕಡೆ ಕ್ಯಾಮೆರಾ ಇರಬೇಕು. ರಾತ್ರಿಯೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು. ದೃಶ್ಯವನ್ನು 18 ತಿಂಗಳು ಇಡಬೇಕು. ಅಂಥ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಕೂಡದು. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿಯೇ ಹೊಣೆ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿ, ಎಸ್ಪಿ ಮುಂತಾದವರ ಮೇಲುಸ್ತುವಾರಿ ಸಮಿತಿ ಇರಬೇಕು. ಇಲ್ಲಿ ಕ್ಯಾಮೆರಾ ಇದೆ, ನಿಮ್ಮ ಹಕ್ಕಿಗೆ ಧಕ್ಕೆಯಾದರೆ ಮಾನವ ಹಕ್ಕುಗಳ ಆಯೋಗಕ್ಕೆ ದೂರಬಹುದು ಎಂದು ಸ್ಥಳೀಯ ಭಾಷೆಯಲ್ಲೂ ಠಾಣೆಯ ಮುಂದೆ ದೊಡ್ಡದಾಗಿ ಬರೆದಿರಬೇಕು. ಲಾಕಪ್ಪಿನಲ್ಲಿ ಗಾಯವಾದರೆ, ಸಾವಾದರೆ, ಆಯೋಗ ಅಥವಾ ನ್ಯಾಯಾಲಯ ಆ ದೃಶ್ಯ ತರಿಸಿಕೊಳ್ಳಬಹುದು, ಅದನ್ನು ಕಾಯ್ದಿಡಿಸುವ ಹಕ್ಕು ನೊಂದವರಿಗೂ ಇದೆ.

ನನಗೆ ಬಂದ ಉತ್ತರದಲ್ಲಿ 30 ದಿನ ಎಂದಿತ್ತು. ಆದೇಶದಲ್ಲಿ 18 ತಿಂಗಳು ಎಂದಿದೆ. 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದಲ್ಲಿ ಕೆಲವೇ ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತ ಪತ್ರಿಕಾ ವರದಿ ನೋಡಿ ಸುಪ್ರೀಂ ಕೋರ್ಟ್ ತಾನಾಗಿಯೇ ಮತ್ತೆ ಪ್ರಕರಣ ಕೈಗೆತ್ತಿಕೊಂಡಿತು. ಐದು ವರ್ಷವಾದರೂ ಕ್ಯಾಮೆರಾಗಳು ಸರಿಯಾಗಿ ಇಲ್ಲ ಎಂಬುದೇ ಅಲ್ಲಿಯ ಪ್ರಶ್ನೆ.

ಎರಡನೆಯದು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 105ನೇ ಕಲಮಿನಂತೆ ಮನೆ ಶೋಧಿಸಿದರೆ, ವಸ್ತು ವಶಪಡಿಸಿಕೊಂಡರೆ, ಧ್ವನಿ ಸಮೇತ ಚಿತ್ರೀಕರಿಸಬೇಕು, ಮೊಬೈಲಿನಲ್ಲಾದರೂ ಸರಿ. ತಡಮಾಡದೆ ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆ ಹುಡುಗನ ಮನೆ ಜಾಲಾಡಿದಾಗ ಯಾರ ಕೈಲೂ ಮೊಬೈಲ್ ಇರಲಿಲ್ಲ ಅಂದಳು ಅವನ ತಾಯಿ. ಈ ಕಲಮು ಅವಳಿಗೆ ಗೊತ್ತಿರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ, ಸುಳ್ಳೇಕೆ.

ಎದೆಯ ಮೇಲಿನ ಕ್ಯಾಮೆರಾಕ್ಕೆ ಬಂದರೆ ದಾರಿ ಇನ್ನೂ ಮಸುಕು. ಇಷ್ಟು ದಿನದೊಳಗೆ ದೃಶ್ಯ ಬಹಿರಂಗ ಮಾಡಬೇಕು ಎಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಇರುವುದು ಮಾಹಿತಿ ಹಕ್ಕು ಕಾಯ್ದೆ. ಅದರಲ್ಲಿ ಮಾಹಿತಿ ಅಂದರೆ ಕಂಪ್ಯೂಟರಿನಲ್ಲಿರುವುದೂ ಮಾಹಿತಿಯೇ. ಆದರೆ ಅರ್ಜಿ ಹಾಕಿದರೆ ಎರಡು ಗೋಡೆ ಎದುರಾಗುತ್ತವೆ. ತನಿಖೆಗೆ ಅಡ್ಡಿಯಾಗುತ್ತದೆ ಎಂಬುದು ಒಂದು, ವೈಯಕ್ತಿಕ ಮಾಹಿತಿ ಎಂಬುದು ಇನ್ನೊಂದು. ಈ ಎರಡನೆಯ ಕಲಮಿನಲ್ಲಿ ಮೊದಲು, ಸಾರ್ವಜನಿಕ ಹಿತಕ್ಕೆ ಬೇಕಿದ್ದರೆ ಕೊಡಬಹುದು ಎಂಬ ಮಾತು ಅಲ್ಲೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ತಿದ್ದುಪಡಿ ಆ ಮಾತನ್ನು ಅಲ್ಲಿಂದ ತೆಗೆಯಿತು. 8(2) ಎಂಬ ಕಲಮು ಮಾತ್ರ ಉಳಿದಿದೆ: ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. 10ನೇ ಕಲಮೂ ಉಳಿದಿದೆ: ಕೊಡಬಾರದ್ದನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬೇಕು. ಪಕ್ಕದಲ್ಲಿ ಹೋಗುತ್ತಿದ್ದವರ ಮುಖ ಮಸುಕು ಮಾಡಿ ಕೊಡಿ ಎಂದು ಅರ್ಜಿಯಲ್ಲೇ ಬರೆದರೆ ನಿರಾಕರಿಸುವುದು ಕಷ್ಟವಾಗುತ್ತದೆ. ಇನ್ನೊಂದು ಲೆಕ್ಕ ನೋಡಿ. ಉತ್ತರ ಕೊಡಲು ಕಾಯ್ದೆ 30 ದಿನ ಕೊಡುತ್ತದೆ. ದೃಶ್ಯ ಅಳಿಯುವುದೂ 30 ದಿನಕ್ಕೆ. ಘಟನೆಯ ದಿನವೇ ಅರ್ಜಿ ಹಾಕಿದರೂ ಉತ್ತರ ಬರುವಷ್ಟರಲ್ಲಿ ದೃಶ್ಯ ಇರುವುದಿಲ್ಲ. ಆದ್ದರಿಂದ ಮೊದಲು ಬರೆಯಬೇಕಾದ್ದು "ಕೊಡಿ" ಎಂದಲ್ಲ, "ಅಳಿಸದೆ ಕಾಯ್ದಿಡಿ" ಎಂದು. ಅದನ್ನು ಠಾಣೆಗೆ, ಎಸ್ಪಿ ಕಚೇರಿಗೆ, ಜಿಲ್ಲಾಧಿಕಾರಿಗೆ ಅದೇ ವಾರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ರಶೀದಿ ಇಟ್ಟುಕೊಳ್ಳಬೇಕು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ಆದರೆ ಒಂದು ವರ್ಷದೊಳಗೆ ಕೊಡಬೇಕು.

ಬಹಿರಂಗ ಮಾಡುವುದು ಅಂದರೆ ಏನು ಎಂಬುದರಲ್ಲೇ ಎಡವುತ್ತೇವೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ಗೋಲಿಬಾರ್ ಆಗಿ ಇಬ್ಬರು ಸತ್ತರು. ಪೊಲೀಸರು ಸಿಸಿಟಿವಿ ದೃಶ್ಯ ಬಿಡುಗಡೆ ಮಾಡಿ, ಜನ ಕಲ್ಲು ತಂದರು ನೋಡಿ ಎಂದರು. ಜನವರಿ 10ರಂದು ಎಚ್.ಡಿ. ಕುಮಾರಸ್ವಾಮಿಯವರು 35 ತುಣುಕುಗಳನ್ನು ಬಿಡುಗಡೆ ಮಾಡಿ, ಪೊಲೀಸರು ಏನು ಮಾಡಿದರು ನೋಡಿ ಎಂದರು. ಫೆಬ್ರವರಿಯಲ್ಲಿ ಹೈಕೋರ್ಟ್ ಬಂಧಿತರಿಗೆ ಜಾಮೀನು ಕೊಡುವಾಗ ತನಿಖೆಯ ನಿಷ್ಪಕ್ಷಪಾತವನ್ನೇ ಪ್ರಶ್ನಿಸಿತು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಯಾರು ಸರಿ ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ಎರಡೂ ಕಡೆಯವರು ತಮಗೆ ಬೇಕಾದ ಪುಟ ಹರಿದು ತೋರಿಸಿದರು. ಪುಟ ಸಂಖ್ಯೆ ಸಮೇತ ಇಡೀ ಪುಸ್ತಕ ಜನರ ಮುಂದೆ ಬರಲಿಲ್ಲ. ನಮ್ಮ ಪಕ್ಕದಲ್ಲೇ, 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲ್ ವಿರುದ್ಧ ಜನ ಸೇರಿದರು, ನಿಷೇಧಾಜ್ಞೆ ಇತ್ತು, ಕೇಸುಗಳಾದವು. ನಿಮ್ಮಲ್ಲಿ ಹಲವರು ಅಲ್ಲಿದ್ದಿರಿ. ಎಲ್ಲರ ಮೊಬೈಲಿನಲ್ಲೂ ಅರ್ಧರ್ಧ ನಿಮಿಷದ ವಿಡಿಯೋ ಇದೆ. ನಾಳೆ ಕೋರ್ಟಿನಲ್ಲಿ ನಿಮ್ಮ ಮೇಲೆ ಒಂದು ತುಣುಕು ಹಾಜರಾದರೆ, ಅದರ ಹಿಂದಿನ ಹತ್ತು ನಿಮಿಷ ಕೇಳುವ ಹಕ್ಕು ನಿಮಗೆ ಬೇಡವೇ?

ತುಣುಕು ತಿದ್ದಿದ್ದಾರೋ ಇಲ್ಲವೋ ಎಂದು ತಿಳಿಯಲು ಉಪಾಯವಿದೆ. ಕಡತದ ಎಲ್ಲ ಅಂಕಿಗಳನ್ನೂ ಒಂದು ಲೆಕ್ಕಕ್ಕೆ ಹಾಕಿ ಒಂದು ಉದ್ದದ ಸಂಖ್ಯೆ ತೆಗೆಯುತ್ತಾರೆ, ಹ್ಯಾಶ್ ಎನ್ನುತ್ತಾರೆ. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಇದನ್ನು ಬರೆಯಲೇಬೇಕು. ಚಿತ್ರ ಸರ್ವರಿಗೆ ಇಳಿದ ಕ್ಷಣದಲ್ಲೇ ಈ ಸಂಖ್ಯೆಯನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಿಬಿಟ್ಟರೆ ಸಾಕು. ಚಿತ್ರ ಯಾರ ಬಳಿ ಇದ್ದರೂ ತಿದ್ದಲು ಧೈರ್ಯ ಬರುವುದಿಲ್ಲ.

ಇನ್ನೊಂದು ಮಗ್ಗುಲಿದೆ. ಇಲ್ಲಿ ತಾಯಂದಿರು ಇದ್ದಾರೆ. ಗಂಡ ಹೊಡೆದ ಎಂದು ಹೆಣ್ಣುಮಗಳು 112ಕ್ಕೆ ಫೋನ್ ಮಾಡಿದರೆ ಪೊಲೀಸರು ಎದೆಯ ಕ್ಯಾಮೆರಾ ಹಾಕಿಕೊಂಡೇ ಒಳಗೆ ಬರುತ್ತಾರೆ. ಅವಳ ಸ್ಥಿತಿ, ಮಕ್ಕಳ ಅಳು, ಮನೆಯ ಬಡತನ ಎಲ್ಲ ದಾಖಲಾಗುತ್ತದೆ. ಅದು ಸಂಜೆ ಟಿ.ವಿ.ಯಲ್ಲಿ ಬಂದರೆ ಅವಳು ಮತ್ತೆ ಫೋನ್ ಮಾಡುತ್ತಾಳೆಯೇ? 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದ್ದರಿಂದ ಎಲ್ಲವನ್ನೂ ಎಲ್ಲರಿಗೂ ತೋರಿಸಿ ಎಂದು ನಾನು ಹೇಳುತ್ತಿಲ್ಲ. ಯಾರ ಚಿತ್ರ ಇದೆಯೋ ಅವರಿಗೆ, ಅವರು ಸತ್ತಿದ್ದರೆ ಮನೆಯವರಿಗೆ, ಕೇಳಿದ ಕೂಡಲೆ ಪೂರ್ತಿ ಪ್ರತಿ ಸಿಗಬೇಕು. ಊರಿಗೆಲ್ಲ ತೋರಿಸಬೇಕಾದ್ದು ಪೊಲೀಸರ ಕೈಯಲ್ಲಿ ಯಾರಿಗಾದರೂ ಗಂಭೀರ ಗಾಯವಾದಾಗ, ಸಾವಾದಾಗ ಮಾತ್ರ. ಆಗಲೂ ಬೇರೆಯವರ ಮುಖ ಮಸುಕು ಮಾಡಿ. ಈಗ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಕಳ್ಳನೋ ಕುಡುಕನೋ ಸಿಕ್ಕಿದರೆ ಅವನ ವಿಡಿಯೋ ಸಂಜೆಗೆ ನಮ್ಮ ವಾಟ್ಸಾಪಿಗೆ ಬಂದಿರುತ್ತದೆ. ನೊಂದವನು ಕೇಳಿದರೆ ತನಿಖೆಗೆ ಅಡ್ಡಿ.

ಹೊರದೇಶದಲ್ಲಿ ಇದನ್ನು ಪೆಟ್ಟು ತಿಂದು ಕಲಿತರು. ಅಮೆರಿಕದ ಶಿಕಾಗೋದಲ್ಲಿ 2014ರ ಅಕ್ಟೋಬರಿನಲ್ಲಿ 17 ವರ್ಷದ ಹುಡುಗನಿಗೆ ಪೊಲೀಸ್ ಅಧಿಕಾರಿ 16 ಗುಂಡು ಹಾರಿಸಿದ. ಚಾಕು ಹಿಡಿದು ಮೈಮೇಲೆ ಬಂದ ಎಂದು ವರದಿಯಾಯಿತು. ಪೊಲೀಸ್ ಗಾಡಿಯ ಕ್ಯಾಮೆರಾದ ದೃಶ್ಯ 13 ತಿಂಗಳು ಹೊರಬರಲಿಲ್ಲ. ಕೋರ್ಟು ಆದೇಶಿಸಿದ ಮೇಲೆ ನೋಡಿದರೆ, ಹುಡುಗ ದೂರ ಸರಿದು ನಡೆದು ಹೋಗುತ್ತಿದ್ದ. ದೃಶ್ಯ ಬಿಡುಗಡೆಯಾದ ದಿನವೇ ಅಧಿಕಾರಿಯ ಮೇಲೆ ಕೊಲೆ ಆರೋಪ ಹೊರಿಸಿದರು. ಅಲ್ಲಿಯವರೆಗೆ ಬರೀ ಕಡತ. ಆಮೇಲೆ ಆ ನಗರದಲ್ಲಿ 60 ದಿನದೊಳಗೆ ಬಿಡುಗಡೆ, ಕಾರಣವಿದ್ದರೆ ಇನ್ನು 30 ದಿನ, ಎಂಬ ನಿಯಮ ಬಂತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2019ರಿಂದ 45 ದಿನ. ಕ್ಯಾಮೆರಾ ಹಾಕಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬುದೂ ಭ್ರಮೆ. ರಿಯಾಲ್ಟೊ ಎಂಬ ಸಣ್ಣ ಊರಿನಲ್ಲಿ ಪ್ರಯೋಗ ಮಾಡಿದಾಗ ಬಲಪ್ರಯೋಗವೂ ದೂರುಗಳೂ ತೀರಾ ಇಳಿದವು. ವಾಷಿಂಗ್ಟನ್ ನಗರದಲ್ಲಿ 2,000ಕ್ಕೂ ಹೆಚ್ಚು ಪೊಲೀಸರ ಮೇಲೆ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಯಂತ್ರ ಎರಡೂ ಕಡೆ ಒಂದೇ ಬಗೆಯದು.

ದುಡ್ಡು ಎಲ್ಲಿದೆ ಎಂದು ಕೇಳುತ್ತಾರೆ. ಲೆಕ್ಕ ಹಾಕಿದ್ದೇನೆ. ಸಾಧಾರಣ ಗುಣಮಟ್ಟದ ಚಿತ್ರ ಗಂಟೆಗೆ ಸುಮಾರು 0.9 ಜಿಬಿ. ಹತ್ತು ಜನ ಪೊಲೀಸರು ದಿನಕ್ಕೆ ಎಂಟು ಗಂಟೆ ಬಿಡದೆ ಚಿತ್ರೀಕರಿಸಿದರೂ ದಿನಕ್ಕೆ 72 ಜಿಬಿ, 18 ತಿಂಗಳಿಗೆ ಸುಮಾರು 39 ಟಿಬಿ. ಅಂಗಡಿಯಲ್ಲಿ ಸಿಗುವ 4 ಟಿಬಿಯ ಹತ್ತು ಡಿಸ್ಕು. ಒಂದು ಠಾಣೆಗೆ ಹತ್ತು ಡಿಸ್ಕು ಕೊಡಲಾಗದಷ್ಟು ಬಡ ರಾಜ್ಯ ನಮ್ಮದಲ್ಲ.

ಮೊನ್ನೆ ಒಬ್ಬ ಹಿರಿಯರು ಇಲ್ಲೇ ಪಡಸಾಲೆಯಲ್ಲಿ ಕೇಳಿದರು, "ಇಂಜಿನಿಯರೇ, ಅಂತರಂಗದ ಸಾಕ್ಷಿ ಇರೋನಿಗೆ ಎದೆ ಮೇಲೆ ಕ್ಯಾಮೆರಾ ಯಾಕೆ?" ನಾನು ಹೇಳಿದೆ, ಅಣ್ಣಾವ್ರೆ, ನನ್ನ ಕೊರಳಲ್ಲೂ ಲಿಂಗವಿತ್ತು, ನಮ್ಮಣ್ಣ ಹೆಸರು ಹೇಳಿದ ದಿನ. ಅವರು ಸುಮ್ಮನಾದರು. ಆ ದಿನ ಠಾಣೆಯಲ್ಲಿ ನಮ್ಮ ಮಾತುಗಳೂ ದಾಖಲಾಗಿದ್ದವು, ಅದೂ ಅಳಿಸಿಹೋಯಿತು. ಅದನ್ನು ಬಹಿರಂಗ ಮಾಡಿದ್ದರೆ ಮೊದಲು ತಲೆ ತಗ್ಗಿಸಬೇಕಾದವರು ಪೊಲೀಸರಲ್ಲ, ನಾವು. ಒಂದು ಮನೆತನದ ಮಾತಿಗೆ ಯಾವ ತೂಕ, ಕಾಲೋನಿಯ ಮಾತಿಗೆ ಯಾವ ತೂಕ ಎಂಬುದು ಆ ಹತ್ತು ನಿಮಿಷದಲ್ಲಿ ಕಾಣುತ್ತಿತ್ತು. ಬಹುಶಃ ನಾನು ನಲವತ್ತು ದಿನ ಸುಮ್ಮನಿದ್ದದ್ದಕ್ಕೆ ಅದೂ ಒಂದು ಕಾರಣ.

ಅವನ ಮನೆಗೆ ಹೋಗಿ ಬಂದೆ. ಕೂರಿ ಎಂದು ಚಾಪೆ ಹಾಕಿದರು, ಕಾಫಿ ಕೊಟ್ಟರು. ಹುಡುಗ ಮಾತಾಡಲಿಲ್ಲ. ನಮ್ಮ ತೋಟಕ್ಕೆ ಮತ್ತೆ ಬಂದಿಲ್ಲ, ಬಾ ಎಂದು ಕರೆಯುವ ಮುಖ ನನಗೂ ಇಲ್ಲ.

ನಾನೊಂದು ಅರ್ಜಿ ಬರೆದಿದ್ದೇನೆ. ಜಿಲ್ಲಾಧಿಕಾರಿಗಳಿಗೂ ಎಸ್ಪಿಯವರಿಗೂ. ನಮ್ಮ ತಾಲ್ಲೂಕಿನ ಪ್ರತಿ ಠಾಣೆಯಲ್ಲಿ ಎಷ್ಟು ಕ್ಯಾಮೆರಾ ನಡೆಯುತ್ತಿವೆ, ಎಷ್ಟು ದಿನದ ದೃಶ್ಯ ಇದೆ ಎಂದು ತಿಂಗಳಿಗೊಮ್ಮೆ ಫಲಕದಲ್ಲಿ ಬರೆಯಿರಿ. ಕನ್ನಡದ ಸೂಚನಾ ಫಲಕ ಹಾಕಿ. ಬಾಡಿ ಕ್ಯಾಮೆರಾ ಕೊಡುವ ಮೊದಲು ದೃಶ್ಯ ಕೇಳುವ ವಿಧಾನವನ್ನು ಪ್ರಕಟಿಸಿ. ಜಿಲ್ಲಾ ಸಮಿತಿ ಯಾವಾಗ ಸಭೆ ಸೇರಿತು ತಿಳಿಸಿ. ಇಷ್ಟೇ. ಪ್ರತಿಗಳು ಹೊರಗೆ ಚಪ್ಪಲಿ ಬಿಡುವ ಜಾಗದ ಪಕ್ಕ ಮೇಜಿನ ಮೇಲಿವೆ. ಪ್ರಸಾದ ಮುಗಿಸಿ ಹೋಗುವಾಗ ಓದಿ, ಒಪ್ಪಿಗೆಯಾದರೆ ಮಾತ್ರ ಸಹಿ ಮಾಡಿ. ಕಾಲೋನಿಯಿಂದ ಹನ್ನೊಂದು ಸಹಿ ಆಗಲೇ ಬಂದಿವೆ. ನಮ್ಮಣ್ಣ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಅವರು ಇನ್ನೂ ಯೋಚನೆ ಮಾಡುತ್ತಿದ್ದಾರೆ.